ಮೇಷ್ಟ್ರು ಹೇಳದೇ ಹೋದ ಇನ್ನರ್ಧ

ಹೋದ ವಾರ ಕೆಲಸ ಮುಗಿಸಿಕೊಂಡು ಬರುವಾಗ ಅರಿಶಿನಕುಂಟೆಯ ಹತ್ತಿರ ರಸ್ತೆ ಪಕ್ಕ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಕೊಂಡೆ. ಬೇರೆ ಚೀಲ ಇರಲಿಲ್ಲ. ಬಸ್ಸಿನಲ್ಲಿ ಓದಲೆಂದು ಇಟ್ಟುಕೊಂಡಿದ್ದ ತತ್ವಶಾಸ್ತ್ರದ ಪುಸ್ತಕದ ಪಕ್ಕಕ್ಕೇ ಅದನ್ನೂ ತುರುಕಿದೆ. ಮನೆಗೆ ಬಂದು, ಸೊಪ್ಪು ಬಿಡಿಸಿಟ್ಟು, ಕೈ ತೊಳೆದುಕೊಂಡು ಪುಸ್ತಕ ತೆರೆದರೆ ಹಾಳೆ ಹಾಳೆಗೂ ಸಬ್ಬಸಿಗೆಯ ಘಾಟು. ಈ ವಾಸನೆ ಆಗುವವರಿಗೆ ಆಗುತ್ತದೆ, ಆಗದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ತತ್ವಶಾಸ್ತ್ರದ ಪುಸ್ತಕ ಎಂದರೆ ಹೀಗೇ ಅಲ್ಲವೇ ಇರಬೇಕಾದದ್ದು ಎನ್ನಿಸಿಬಿಟ್ಟಿತು. ನಮ್ಮ ಮೇಷ್ಟ್ರ ಪುಸ್ತಕಗಳೆಲ್ಲ ಹೀಗೇ ಇದ್ದವು...

ಹೊಸಕೋಟೆಯ ಆ ಕಾಲೇಜಿನ ಗೇಟಿನ ಮುಂದೆ ಬೆಳಗ್ಗೆ ಹೊತ್ತು ಹಳ್ಳಿ ಹೆಂಗಸರು ಸೊಪ್ಪು ಮಾರಲು ಕೂರುತ್ತಿದ್ದರು. ಸಂಜೆಗೆ ಬಾಡಿಹೋಗುತ್ತದೆ ಎಂದು ಮೇಷ್ಟ್ರು ಬರುವಾಗಲೇ ಕೊಂಡು, ಪುಸ್ತಕದ ಚೀಲಕ್ಕೆ ಹಾಕಿಕೊಂಡು ಮಹಡಿ ಹತ್ತುತ್ತಿದ್ದರು. ಮೂರನೇ ಪೀರಿಯಡ್ಡಿನ ಹೊತ್ತಿಗೆ ನಮ್ಮ ಕ್ಲಾಸು ಅಡುಗೆಮನೆಯ ಹಾಗೆ ಘಮ್ಮೆನ್ನುತ್ತಿತ್ತು. ಆತ್ಮ ಇದೆಯೋ ಇಲ್ಲವೋ ಎಂದು ಅವರು ಕೇಳುವಾಗ ನನಗೆ ಹೊಟ್ಟೆ ಚುರುಗುಟ್ಟುತ್ತಿದ್ದದ್ದು ಈಗಲೂ ನೆನಪಿದೆ.

ನಾನು ತತ್ವಶಾಸ್ತ್ರ ತೆಗೆದುಕೊಂಡದ್ದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ನಮ್ಮೂರು ಅನುಗೊಂಡನಹಳ್ಳಿ ಕಡೆ. ಅಡ್ಮಿಷನ್ ದಿನ ಬಸ್ಸು ತಡವಾಯಿತು, ನಾನು ಹೋಗುವಷ್ಟರಲ್ಲಿ ಬೇರೆ ವಿಷಯಗಳೆಲ್ಲ ಭರ್ತಿಯಾಗಿದ್ದವು. ಉಳಿದದ್ದಕ್ಕೆ ಸೇರಿಸಿಕೊಂಡರು. ಶುರುವಿನಲ್ಲಿ ನಾವು ನಾಲ್ಕು ಜನ ಇದ್ದೆವು. ಒಬ್ಬಳಿಗೆ ದಸರಾ ಕಳೆಯುತ್ತಲೇ ಮದುವೆಯಾಯಿತು, ಒಬ್ಬ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ, ಇನ್ನೊಬ್ಬಳು ವಿಷಯ ಬದಲಾಯಿಸಿಕೊಂಡಳು. ಸಂಕ್ರಾಂತಿ ಹೊತ್ತಿಗೆ ಕ್ಲಾಸಿನಲ್ಲಿ ಉಳಿದವಳು ನಾನೊಬ್ಬಳೇ.

ಬೇರೆ ಯಾರಾದರೂ ಆಗಿದ್ದರೆ ಕುರ್ಚಿ ಎಳೆದುಕೊಂಡು ಕೂತು ನಾಲ್ಕು ನೋಟ್ಸು ಬರೆಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಹಾಗಲ್ಲ. ಖಾಲಿ ಬೆಂಚುಗಳ ಮುಂದೆ ಎದ್ದು ನಿಂತು, ಹಿಂದಿನ ಸಾಲಿಗೂ ಕೇಳಿಸುವಂತೆ ಪಾಠ ಮಾಡುತ್ತಿದ್ದರು. ದಿನಾ ಹಾಜರಿ ಕೂಗುತ್ತಿದ್ದರು, ಎದುರಿಗೇ ಕೂತಿದ್ದ ನನ್ನ ನಂಬರನ್ನು. ಒಂದು ದಿನ ನಾನು ತಮಾಷೆಗೆ "ಬಂದಿಲ್ಲ ಸಾರ್" ಎಂದೆ. ಅವರು ಪೆನ್ನು ಕೆಳಗಿಟ್ಟು ಗಂಭೀರವಾಗಿ ನೋಡಿದರು. "ಬಂದಿಲ್ಲ ಅಂತ ಹೇಳೋಕೆ ಯಾರು ಬಂದವ್ರಮ್ಮ?" ಎಂದರು. ಅವತ್ತಿನ ಪಾಠವೆಲ್ಲ ಅದೇ ಆಗಿಹೋಯಿತು. 'ನಾನಿಲ್ಲ' ಎಂದು ಹೇಳಲಿಕ್ಕಾದರೂ ಒಬ್ಬ 'ನಾನು' ಬೇಕಲ್ಲ, ಅದು ಯಾರು ಎಂದು ಸಾವಿರಾರು ವರ್ಷದಿಂದ ಜನ ಹೇಗೆ ಹೇಗೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ಹೇಳುತ್ತಾ ಹೋದರು. ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಅಲ್ಲಿಯವರೆಗೆ ನನಗೆ ಓದು ಎಂದರೆ ಪರೀಕ್ಷೆ. ಅವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಊರು ಬರುವತನಕ ನಾನು ಯಾರು ಯಾರು ಎಂದುಕೊಂಡೇ ಬಂದೆ. ನಗೆಪಾಟಲಿನ ಮಾತು, ಆದರೆ ಅಷ್ಟು ಖುಷಿಯಾಗಿ ಅದಕ್ಕೆ ಮೊದಲು ನಾನು ಯಾವ ಬಸ್ಸಿನಲ್ಲೂ ಬಂದಿರಲಿಲ್ಲ.

ಅವರ ಪಾಠಕ್ಕೆ ಒಂದು ಕ್ರಮ ಇತ್ತು. ನಮ್ಮ ಹಳೆಯ ಶಾಸ್ತ್ರಕಾರರ ಕ್ರಮವೇ ಅದು. ಒಬ್ಬರ ಮಾತು ತಪ್ಪು ಎಂದು ತೋರಿಸಬೇಕಾದರೆ ಮೊದಲು ಆ ಮಾತನ್ನು ಪೂರ್ತಿಯಾಗಿ, ಮರ್ಯಾದೆಯಿಂದ, ಅವರಿಗಿಂತ ಚೆನ್ನಾಗಿ ತಾನೇ ಹೇಳಬೇಕು. ಅದು ಪೂರ್ವಪಕ್ಷ. ಆಮೇಲೆ ಅದರಲ್ಲಿ ಎಲ್ಲಿ ಎಡವಿದ್ದಾರೆ ಎಂದು ತೋರಿಸಿ ತನ್ನ ಮಾತು ಹೇಳಬೇಕು. ಅದು ಸಿದ್ಧಾಂತ. ಪುಸ್ತಕದಲ್ಲಿ ಇದನ್ನು ಎಲ್ಲರೂ ಓದುತ್ತಾರೆ. ಇವರು ಅದನ್ನು ಉಸಿರಾಟ ಮಾಡಿಕೊಂಡಿದ್ದರು. ಎದುರು ಪಕ್ಷದವನ ಮಾತು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ದೇವರಿಲ್ಲ ಎನ್ನುವವನ ಪರವಾಗಿ ಹೇಳಿದರೆ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡ ಈ ಮನುಷ್ಯನೇ ಇನ್ನು ಮೇಲೆ ದೇವಸ್ಥಾನದ ಕಡೆ ತಲೆ ಹಾಕುವುದಿಲ್ಲವೇನೋ ಎನ್ನಿಸುತ್ತಿತ್ತು. ಎಲ್ಲ ಹೇಳಿ ಮುಗಿಸಿ, ಚೀಲದಿಂದ ನೀರಿನ ಬಾಟಲು ತೆಗೆದು, ನಿಧಾನವಾಗಿ ಎರಡು ಗುಟುಕು ಕುಡಿದು, ಮುಚ್ಚಳ ತಿರುಗಿಸಿ, "ಇನ್ನು ನಮ್ಮ ಮಾತು" ಎನ್ನುತ್ತಿದ್ದರು. ಅಲ್ಲಿಂದ ಶುರುವಾಗುತ್ತಿತ್ತು ನೋಡಿ... ಅಷ್ಟು ಹೊತ್ತು ಗಟ್ಟಿಯಾಗಿ ಕಂಡದ್ದೆಲ್ಲ ಒಂದೊಂದೇ ಇಟ್ಟಿಗೆ ಕಳಚಿ ಬೀಳುತ್ತಿತ್ತು.

ಎಷ್ಟೋ ಸಲ ಎದುರು ಪಕ್ಷ ನನಗೆ ಬರುತ್ತಿತ್ತು. ಇರುವವಳು ನಾನೊಬ್ಬಳೇ ಆದ್ದರಿಂದ ಸೋಲುವ ಕೆಲಸವೂ ನನ್ನದೇ. ಆದರೂ ಅವರು ಸುಮ್ಮನೆ ಗೆಲ್ಲುತ್ತಿರಲಿಲ್ಲ. ನನ್ನ ತೊದಲು ಮಾತನ್ನು ಎತ್ತಿಕೊಂಡು, ತಿದ್ದಿ, "ನೀನು ಹೇಳ್ಬೇಕು ಅಂತಿರೋದು ಇದು ಅಲ್ವೇನಮ್ಮ?" ಎಂದು ಹೇಳಿದಾಗ ಅದು ನನ್ನದೇ ಮಾತಾಗಿರುತ್ತಿತ್ತು, ನನಗೇ ಗೊತ್ತಿಲ್ಲದಷ್ಟು ಚೆನ್ನಾಗಿರುತ್ತಿತ್ತು. ನಾನು ಹೇಳಲು ಹೊರಟದ್ದನ್ನು ನನಗಿಂತ ಮೊದಲು ತಿಳಿದುಕೊಳ್ಳುವ ಮನುಷ್ಯ ಒಬ್ಬರಿದ್ದಾರೆ ಎನ್ನುವುದು ಆ ವಯಸ್ಸಿಗೆ ದೊಡ್ಡ ಸಂಗತಿ. ಯಾವ ವಯಸ್ಸಿಗಾದರೂ ದೊಡ್ಡದೇ ಎಂದು ಈಗ ಅನ್ನಿಸುತ್ತದೆ.

ಊರಿನಲ್ಲಿ ಮಾತು ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದು ಹುಡುಗಿ, ಒಬ್ಬ ಮೇಷ್ಟ್ರು, ಮಹಡಿಯ ಮೇಲಿನ ಕೋಣೆ. ಮೇಷ್ಟ್ರಿಗೆ ಐವತ್ತು ದಾಟಿತ್ತು, ಬಾಗಿಲು ಕಿಟಕಿ ಎಲ್ಲ ಪೂರ್ತಿ ತೆರೆದಿಟ್ಟು ಅವರು ಬಾಗಿಲ ಹತ್ತಿರವೇ ನಿಂತು ಪಾಠ ಮಾಡುತ್ತಿದ್ದರು. ಅದನ್ನೆಲ್ಲ ನೋಡಿದವರು ಯಾರು? ನಮ್ಮ ಅಪ್ಪನಿಗೆ ಡೈರಿಯ ಹತ್ತಿರ ಹಾಲು ಹಾಕಲು ಹೋದಾಗ ಯಾರೋ ಏನೋ ಅಂದರಂತೆ. ಅಪ್ಪ ಮನೆಯಲ್ಲಿ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ದೊಡ್ಡಪ್ಪನ ಮಕ್ಕಳು ಬಿ.ಕಾಂ. ಓದಿ ಗೋಡೌನ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ್ದನ್ನು ಮಾತ್ರ ಹೇಳುತ್ತಿದ್ದರು. ವರ್ಷದ ಪರೀಕ್ಷೆ ಮುಗಿದ ಮೇಲೆ, "ಫಿಲಾಸಫಿ ಬಿಟ್ಬಿಡು. ಬೇರೆ ಕಾಲೇಜಿಗೆ ಹಾಕ್ತೀನಿ, ಬಿ.ಕಾಂ. ಮಾಡು" ಎಂದರು. ನಾನು ಊಟ ಬಿಟ್ಟೆ, ಅಳುತ್ತಾ ಕೂತೆ, ಅವ್ವನ ಹತ್ತಿರ ಜಗಳ ಆಡಿದೆ. ಕೊನೆಗೆ, "ನಮ್ಮ ಸಾರ್ ಹತ್ರ ಒಂದ್ಸಲ ಮಾತಾಡಿ, ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ" ಎಂದೆ. ಅಪ್ಪ ಒಪ್ಪಿದರು. ಗೆದ್ದೆ ಎಂದುಕೊಂಡೆ. ಮಾತಿನಲ್ಲಿ ನಮ್ಮ ಮೇಷ್ಟ್ರನ್ನು ಮೀರಿಸುವವರು ಹೊಸಕೋಟೆ ತಾಲ್ಲೂಕಿನಲ್ಲೇ ಇಲ್ಲ ಎಂದು ನನಗೆ ಗೊತ್ತಿತ್ತು.

ಮೇಷ್ಟ್ರಿಗೂ ಇದು ಸಣ್ಣ ವಿಷಯವಾಗಿರಲಿಲ್ಲ. ಅವರು ಅತಿಥಿ ಉಪನ್ಯಾಸಕರು. ವಿದ್ಯಾರ್ಥಿ ಇದ್ದರೆ ಕ್ಲಾಸು, ಕ್ಲಾಸು ಇದ್ದರೆ ಕೆಲಸ. ನಾನು ಹೋದರೆ ಎರಡೂ ಇಲ್ಲ. ಅದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು, ಅವರು ಮಾತ್ರ ಒಂದು ಸಲವೂ ನನ್ನ ಹತ್ತಿರ ಎತ್ತಿದವರಲ್ಲ.

ಅಪ್ಪ ಮದುವೆಗೆ ಹೋಗುವಂತೆ ಬಿಳಿ ಷರಟು ಹಾಕಿಕೊಂಡು ಬಂದಿದ್ದರು. ಮೇಷ್ಟ್ರು ಅವರನ್ನು ನನ್ನ ಬೆಂಚಿನ ಮೇಲೆ ಕೂರಿಸಿ, ತಾವು ಎದುರಿಗೆ ಕೂತರು. ನಾನು ಬಾಗಿಲ ಹತ್ತಿರ ನಿಂತೆ. ಅಪ್ಪ ಎರಡು ಮಾತಾಡಿದರು, ಮೂರನೆಯದಕ್ಕೆ ತಡವರಿಸಿದರು. ಹೊಲದ ಬದುವಿನ ಮೇಲೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಕರಿಹಲಗೆಯ ಮುಂದೆ ನಾಲಿಗೆ ಹೊರಳದೆ ಟವೆಲ್ಲಿನ ತುದಿ ಹಿಡಿದುಕೊಂಡು ಕೂತರು. ಆಗ ಮೇಷ್ಟ್ರು, "ಇರಿ ಯಜಮಾನ್ರೆ, ನೀವು ಹೇಳ್ಬೇಕು ಅಂತಿರೋದನ್ನ ನಾನು ಹೇಳ್ತೀನಿ. ತಪ್ಪಿದ್ರೆ ತಿದ್ದಿ" ಎಂದರು. ನನಗೆ ಒಳಗೊಳಗೇ ನಗು. ಶುರುವಾಯಿತು ಪೂರ್ವಪಕ್ಷ ಎಂದುಕೊಂಡೆ.

ಅವರು ಹೇಳಿದರು... ಎಷ್ಟು ಚೆನ್ನಾಗಿ ಹೇಳಿದರು. ಇರುವ ಜಮೀನು ಮುಂದಿನ ತಲೆಗೆ ಸಾಲುವುದಿಲ್ಲ, ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲಬೇಕು, ಈ ವಿಷಯ ಓದಿದವರನ್ನು ಯಾರು ಕರೆದು ಕೆಲಸ ಕೊಡುತ್ತಾರೆ ಎಂದರು. ಅಪ್ಪ ತಲೆಯಾಡಿಸಿದರು. ಆಮೇಲೆ ಮೇಷ್ಟ್ರು ದನಿ ತಗ್ಗಿಸಿ, ಅಪ್ಪನಿಗೆ ಹೇಳಲಾಗದೇ ಇದ್ದದ್ದನ್ನೂ ಹೇಳಿಬಿಟ್ಟರು. ಒಬ್ಬಳೇ ಹುಡುಗಿ ಇರುವ ಕ್ಲಾಸಿಗೆ ಮಗಳನ್ನು ಕಳಿಸುವ ತಂದೆಗೆ ನಾಲ್ಕು ಜನರ ಮುಂದೆ ಏನೇನು ಕೇಳಬೇಕಾಗುತ್ತದೆ, ಅದನ್ನು ಮಗಳ ಮುಂದೆ ಆಡಲೂ ಆಗದೆ ನುಂಗಲೂ ಆಗದೆ ಆತ ಹೇಗೆ ಒದ್ದಾಡುತ್ತಾನೆ ಎಂದು. ತಮ್ಮ ಮೇಲೆಯೇ ಇದ್ದ ಮಾತನ್ನು ಒಂದು ಚೂರೂ ಕೋಪವಿಲ್ಲದೆ ಹೇಳಿದರು. ಕೊನೆಗೆ ಹೇಳಿದ್ದು ನನಗೂ ಗೊತ್ತಿರಲಿಲ್ಲ. "ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಮಗಳು ಇತ್ತೀಚೆಗೆ ಮನೇಲಿ ಮಾತೇ ಆಡಲ್ಲ. ಊಟಕ್ಕೆ ಕೂತ್ರೂ ಎಲ್ಲೋ ಇರ್ತಾಳೆ. ಹಿಂಗೇ ಓದ್ತಾ ಹೋದ್ರೆ ಒಂದಿನ ನಮ್ಮ ಮಾತು ಅವಳಿಗೆ ತಿಳಿಯಲ್ಲ, ಅವಳ ಮಾತು ನಮಗೆ ತಿಳಿಯಲ್ಲ. ಅದು ನಿಮಗೆ ಭಯ."

ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ನಾನು ಅದನ್ನು ಅದುವರೆಗೆ ನೋಡಿರಲಿಲ್ಲ.

ಮೇಷ್ಟ್ರು ಯಾವತ್ತಿನಂತೆ ಚೀಲಕ್ಕೆ ಕೈ ಹಾಕಿ ನೀರಿನ ಬಾಟಲು ತೆಗೆದರು. ನಾನು ಬಾಗಿಲಿಗೆ ಒರಗಿಕೊಂಡು ಕಾಯುತ್ತಿದ್ದೆ. ಒಂದು ಗುಟುಕು ಕುಡಿದರು. ಅಷ್ಟರಲ್ಲಿ ಅಪ್ಪ ಎದ್ದರು. ಎರಡೂ ಕೈ ಎತ್ತಿ ಮುಗಿದು, "ದೊಡ್ಡ ಮಾತಂದ್ರಿ ಸಾರ್. ನಿಮ್ಮಂಥೋರೇ ಹಿಂಗೇಳಿದ್ಮೇಲೆ ಇನ್ನೇನಿದೆ" ಎಂದು ಬಾಗಿಲ ಕಡೆ ನಡೆದೇಬಿಟ್ಟರು. ಮೇಷ್ಟ್ರು ಬಾಯಲ್ಲಿದ್ದ ನೀರು ನುಂಗಿ, "ಇರಿ ಯಜಮಾನ್ರೆ, ಇನ್ನೂ..." ಎಂದರು. ಅಪ್ಪ ಮೆಟ್ಟಿಲ ಹತ್ತಿರ ತಿರುಗಿ, ಮತ್ತೊಮ್ಮೆ ಕೈ ಮುಗಿದು, "ಸಾಕು ಸಾರ್" ಎಂದು ಇಳಿದರು. ಮೇಷ್ಟ್ರು ಒಂದು ಕೈಯಲ್ಲಿ ಬಾಟಲು, ಇನ್ನೊಂದರಲ್ಲಿ ಮುಚ್ಚಳ ಹಿಡಿದುಕೊಂಡು ನನ್ನನ್ನೇ ನೋಡಿದರು. ಕೆಳಗಿನಿಂದ ಅಪ್ಪ ನನ್ನನ್ನು ಕೂಗಿದರು. ನಾನು ಹೋದೆ.

ಬಸ್ಸಿನಲ್ಲಿ ಅಪ್ಪನಿಗೆ ಬಿಡಿಸಿ ಹೇಳಿದೆ. ಅದು ಅವರ ಅಭಿಪ್ರಾಯ ಅಲ್ಲ, ಅದು ಪಾಠದ ಕ್ರಮ, ಮೊದಲು ಎದುರಿನವರ ಮಾತು ಹೇಳಿ ಆಮೇಲೆ ತಮ್ಮದು ಹೇಳುತ್ತಾರೆ, ಇನ್ನರ್ಧ ಬಾಕಿ ಇತ್ತು ಎಂದೆ. ಅಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಅಷ್ಟು ಓದಿದೋರು ಬಾಯಲ್ಲೊಂದು ಮನಸ್ಸಲ್ಲೊಂದು ಇಟ್ಕೊಂಡು ಮಾತಾಡ್ತಾರೇನಮ್ಮ? ಸುಮ್ನಿರು" ಎಂದರು. ಕಂಡಕ್ಟರು ಟಿಕೆಟ್ಟಿಗೆ ಬಂದ. ಅಲ್ಲಿಗೆ ಆ ಮಾತು ಮುಗಿಯಿತು.

ಅವರ ಪುಸ್ತಕವೊಂದು ನನ್ನ ಹತ್ತಿರ ಉಳಿದಿತ್ತು. ಟಿ.ಸಿ. ತರಲು ಹೋದ ದಿನ ಅದನ್ನು ಕೊಡಲು ಮಹಡಿ ಹತ್ತಿದೆ. ಮೇಷ್ಟ್ರು ಖಾಲಿ ಕ್ಲಾಸಿನಲ್ಲಿ ಕೂತು ಏನೋ ಓದುತ್ತಿದ್ದರು. ಪುಸ್ತಕ ಕೊಟ್ಟು, "ಇನ್ನರ್ಧ ಏನು ಸಾರ್?" ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅವರು ಓದುತ್ತಿದ್ದುದನ್ನು ಮುಚ್ಚಿಟ್ಟರು. ಆಮೇಲೆ, "ಈಗ ಹೇಳಿದ್ರೆ ಅದರಲ್ಲಿ ನನ್ನ ಕೆಲಸಾನೂ ಸೇರ್ಕೊಳ್ಳುತ್ತಮ್ಮ. ಅದು ವಾದ ಆಗಲ್ಲ, ಬೇಡ್ಕೊಂಡಂಗೆ ಆಗುತ್ತೆ" ಎಂದರು. ಸ್ವಲ್ಪ ನಕ್ಕು, "ಕೆಲಸ ಹೋದ್ಮೇಲೆ ಬಾ, ಹೇಳ್ತೀನಿ" ಎಂದರು. ನಾನು ನಗಲಿಲ್ಲ.

ಕೆಲಸ ಹೋಯಿತು. ಮುಂದಿನ ವರ್ಷ ಆ ಕಾಲೇಜಿನಲ್ಲಿ ತತ್ವಶಾಸ್ತ್ರವೇ ಇರಲಿಲ್ಲ. ಮಾಲೂರು ಕಡೆಯ ಯಾವುದೋ ಶಾಲೆಗೆ ಸೇರಿದ್ದಾರೆ ಎಂದು ಒಬ್ಬರು, ಟ್ಯೂಷನ್ ಮಾಡುತ್ತಾರೆ ಎಂದು ಇನ್ನೊಬ್ಬರು ಹೇಳಿದರು. ಅವರ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ. ದಿನಾ ಎದುರಿಗಿದ್ದವರ ನಂಬರು ಏಕೆ ಬೇಕು ಎಂದು ಆಗ ಅನ್ನಿಸಿತ್ತು.

ನಾನು ಬಿ.ಕಾಂ. ಮಾಡಿದೆ, ನೆಲಮಂಗಲದ ಕಡೆ ಒಂದು ಗೋಡೌನಿನ ಲೆಕ್ಕಪತ್ರ ನೋಡುತ್ತೇನೆ. ಕೆಲಸ ಕೆಟ್ಟದ್ದೇನಲ್ಲ. ಮೂರು ವರ್ಷದ ಹಿಂದೆ ಯಾರಿಗೂ ಹೇಳದೆ ದೂರಶಿಕ್ಷಣದಲ್ಲಿ ಮತ್ತೆ ತತ್ವಶಾಸ್ತ್ರಕ್ಕೆ ಸೇರಿಕೊಂಡೆ. ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಓದುತ್ತೇನೆ. ಈ ಹಳೆಯ ಪುಸ್ತಕಗಳನ್ನು ಓದುವಾಗ ಒಂದು ಸಂಗತಿ ಪದೇ ಪದೇ ಚುಚ್ಚುತ್ತದೆ. ಇವುಗಳಲ್ಲಿ ಯಾರೂ ಒಬ್ಬರೇ ಕೂತು ಯೋಚಿಸುವುದಿಲ್ಲ. ನಮ್ಮವೇ ಆಗಲಿ, ಗ್ರೀಕರವೇ ಆಗಲಿ, ಯಾರೋ ಕೇಳುತ್ತಾರೆ, ಯಾರೋ ಹೇಳುತ್ತಾರೆ. ಶಿಷ್ಯ ಗುರುವನ್ನು ಕೇಳುತ್ತಾನೆ, ಹೆಂಡತಿ ಗಂಡನನ್ನು ಕೇಳುತ್ತಾಳೆ, ಸಂತೆಬೀದಿಯಲ್ಲಿ ಹೋಗುವವನನ್ನು ನಿಲ್ಲಿಸಿ ಮುದುಕನೊಬ್ಬ ಪ್ರಶ್ನೆ ಹಾಕುತ್ತಾನೆ. ನಾನು ಮಾತ್ರ ಇಬ್ಬರ ಪಾಲನ್ನೂ ಒಬ್ಬಳೇ ಓದಬೇಕು. ಒಮ್ಮೊಮ್ಮೆ ಗಟ್ಟಿಯಾಗಿ ಓದುತ್ತೇನೆ. ಪಕ್ಕದ ಮನೆಯವರು ನಾನು ಫೋನಿನಲ್ಲಿ ಜಗಳ ಆಡುತ್ತೇನೆ ಎಂದುಕೊಂಡಿದ್ದಾರೆ.

ದೇವರಿಲ್ಲ, ಪರಲೋಕವಿಲ್ಲ ಎಂದ ಹಳಬರ ಒಂದು ಪಂಥ ನಮ್ಮಲ್ಲಿತ್ತು. ಅವರ ಪುಸ್ತಕಗಳು ಹೆಚ್ಚುಕಡಿಮೆ ಯಾವುವೂ ಉಳಿದಿಲ್ಲ. ಅವರನ್ನು ಖಂಡಿಸಿದವರು ಮೊದಲು ಅವರ ಮಾತನ್ನು ಎತ್ತಿ ಹೇಳಿದರಲ್ಲ, ಅದರಿಂದಲೇ ಅವರು ಏನೆಂದರು ಎಂದು ನಮಗೆ ಗೊತ್ತಿರುವುದು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟುಬಿಟ್ಟೆ. ನನ್ನ ವಿಷಯದಲ್ಲಿ ಎದುರು ಪಕ್ಷ ಒಂದಕ್ಷರ ಬಿಡದೆ ಉಳಿದುಕೊಂಡಿದೆ, ಅಪ್ಪನ ಭಯ ಏನು ಎಂದು ನಾನು ನಿದ್ದೆಯಲ್ಲೂ ಹೇಳಬಲ್ಲೆ. ನನ್ನ ಪರವಾದ ಮಾತೇ ಇಲ್ಲ. ಎಷ್ಟೋ ಸಲ ನಾನೇ ಅದನ್ನು ಕಟ್ಟಲು ನೋಡಿದ್ದೇನೆ. ಮೇಷ್ಟ್ರು ಹೀಗೆ ಹೇಳುತ್ತಿದ್ದರು, ಹಾಗೆ ಹೇಳುತ್ತಿದ್ದರು ಎಂದು... ಎರಡು ಮಾತಿಗೇ ಸಪ್ಪೆಯಾಗುತ್ತದೆ. ನನ್ನನ್ನು ನನಗಿಂತ ಚೆನ್ನಾಗಿ ಹೇಳುವುದು ನನ್ನಿಂದ ಆಗುವ ಕೆಲಸವಲ್ಲ.

ಸಬ್ಬಸಿಗೆ ತಂದ ಮೇಲಿನ ಭಾನುವಾರ ಊರಿಗೆ ಹೊರಟೆ. ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಆ ಕಾಲೇಜಿನ ಹಳೆಯ ಅಟೆಂಡರ್ ಸಿಕ್ಕರು. ಮೇಷ್ಟ್ರ ವಿಷಯ ಕೇಳಿದೆ, ಈ ಸಲ ಹೇಗಾದರೂ ವಿಳಾಸ ಹಿಡಿಯಬೇಕೆಂದೇ ಕೇಳಿದೆ. "ಅಯ್ಯೋ, ನಿಮಗೆ ಗೊತ್ತಿಲ್ವೇನಮ್ಮ? ಅವರು ತೀರ್ಕೊಂಡು ಎರಡು ವರ್ಷ ಆಗ್ತಾ ಬಂತಲ್ಲ" ಎಂದರು. ನಾನು ಬಸ್ಸು ಹತ್ತಿದೆ. ಎರಡು ವರ್ಷ. ಆ ಎರಡು ವರ್ಷವೂ ನಾನು ಪುಸ್ತಕದ ಅಂಚಿನಲ್ಲಿ ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೆ.

ಮನೆಯಲ್ಲಿ ಅಣ್ಣ, ಅತ್ತಿಗೆ ಹೊಲದ ಕಡೆ ಹೋಗಿದ್ದರು. ಅಪ್ಪ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಪಕ್ಕಕ್ಕೆ ಕೂತು ಒಂದು ಹಿಡಿ ತೆಗೆದುಕೊಂಡೆ. ಮೇಷ್ಟ್ರು ಹೋಗಿಬಿಟ್ಟರಂತೆ ಎಂದು ಹೇಳಿದೆ. ಯಾವ ಮೇಷ್ಟ್ರು ಎಂದು ಅಪ್ಪ ಕೇಳಲಿಲ್ಲ. ಅವರ ಕೈ ನಿಂತಿತು.

"ನನ್ನ ಹೊಟ್ಟೇಲಿದ್ದಿದ್ದನ್ನ ನನಗಿಂತ ಚೆನ್ನಾಗಿ ಹೇಳಿದ ಮನುಷ್ಯ ಕಣಮ್ಮ" ಎಂದರು. "ನಿಮ್ಮವ್ವನಿಗೂ ಅಷ್ಟು ಗೊತ್ತಿರ್ಲಿಲ್ಲ." ಮತ್ತೆ ಕಾಯಿ ಸುಲಿಯುತ್ತಾ ಹೇಳಿದರು, "ಅವತ್ತು ಅವರು ಬಿಡಿಸ್ಬೇಡಿ ಅಂದಿದ್ರೆ ನಾನು ನಿನ್ನ ಬಿಡಿಸ್ತಿರ್ಲಿಲ್ಲ. ಬಿಳೀ ಷರಟು ಹಾಕ್ಕೊಂಡು ಅಷ್ಟು ದೂರ ಹೋಗಿದ್ದು ಇನ್ಯಾಕೆ? ಓದ್ಲಿ ಬಿಡಿ ಅಂತ ಅವರ ಬಾಯಲ್ಲಿ ಒಂದ್ಮಾತು ಬರ್ಲಿ ಅಂತಾನೇ ಹೋಗಿದ್ದೆ."

ಬಸ್ಸಿನಲ್ಲಿ ಅಂದು ಹೇಳಿದ್ದನ್ನು ನಾನು ಮತ್ತೆ ಹೇಳಲಿಲ್ಲ. ಅಪ್ಪನಿಗೆ ವಯಸ್ಸಾಗಿದೆ, ಆ ಮೇಷ್ಟ್ರ ಮೇಲೆ ಅವರಿಗಿರುವ ಪ್ರೀತಿಯನ್ನು ಕಿತ್ತುಕೊಂಡು ನನಗೇನಾಗಬೇಕು? "ಹೌದಪ್ಪಾ" ಎಂದೆ. ಆದರೆ ಎದ್ದು ಓಡಿಹೋಗಿ, "ಸಾರ್, ಅಪ್ಪ ಒಪ್ಪೋಕೇ ಬಂದಿದ್ರಂತೆ ಸಾರ್, ಒಂದು ಮಾತು ಸಾಕಿತ್ತಂತೆ" ಎಂದು ಹೇಳಬೇಕು ಎನ್ನಿಸಿತು. ಇದನ್ನು ಕೇಳಿದರೆ ತಿಳಿಯುವವರು, ನನ್ನಷ್ಟೇ ಸಂಕಟಪಟ್ಟು ಆಮೇಲೆ ತಲೆ ಚಚ್ಚಿಕೊಂಡು ನಗುವವರು, ನನಗೆ ಅವರೊಬ್ಬರೇ ಇದ್ದರು.